ಗುಡದಪ್ಪನ ಸಮೀಪ ಭವಿಷ್ಯತ್ಕಾಲ

ಗುಡದಪ್ಪ ತೀರಿಕೊಂಡ ಸುದ್ದಿ ಹಾವೇರಿಯಲ್ಲಿ ನನಗೆ ಮುಟ್ಟಿದ್ದು ಮಧ್ಯಾಹ್ನ, ದೇವರಿಗೆ ಎಡೆ ಹಿಡಿದು ಊಟಕ್ಕೆ ಕುಳಿತಾಗ. ಫೋನು ಮಾಡಿದವನು ರಾಣೆಬೆನ್ನೂರಿನ ಆಟೊ ಚಾಲಕ, ಜಮೀರ್ ಎಂಬಾತ.

"ಶಂಕ್ರಪ್ಪ ಮಾಸ್ತರ್ರ ಏನ್ರೀ? ನಿಮ್ಮವರು ಒಬ್ಬರು ಇಲ್ಲಿ ರೈಲ್ವೆ ಸ್ಟೇಶನ್‌ದಾಗ ಎದಿ ಹಿಡಕೊಂಡು ಬಿದ್ದರ್ರಿ. ದವಾಖಾನಿಗೆ ಒಯ್ದೆ. ಉಳೀಲಿಲ್ರಿ. ಅವರ ಫೋನಿನಾಗ 'ಮನಿ' ಅಂತ ಒಂದು, 'ಶಂಕ್ರಪ್ಪ ಮಾಸ್ತರ್' ಅಂತ ಒಂದು ನಂಬರ್ ಇತ್ತು. ಹೆಣ್ಮಕ್ಕಳಿಗೆ ಹೆಂಗ ಹೇಳೂದು ಅಂತ ನಿಮಗ ಹಚ್ಚೇನಿ."

ಗುಡದಪ್ಪ ನನ್ನ ತಂಗಿ ಪ್ರೇಮವ್ವನ ಗಂಡ. ರೈಲ್ವೆ ಸ್ಟೇಶನ್ನಿನಲ್ಲಿ ಅವನಿಗೆ ಏನು ಕೆಲಸವಿತ್ತು ಎಂದು ಕೇಳುವ ಹೊತ್ತು ಅದಲ್ಲ. ಎಲೆಯನ್ನು ಹಾಗೆಯೇ ಮುಚ್ಚಿಟ್ಟು ಬ್ಯಾಡಗಿಯ ಬಸ್ಸು ಹತ್ತಿದೆ.

ತಂಗಿಯ ಮನೆಯ ಮುಂದೆ ಓಣಿಯೆಲ್ಲ ಸೇರಿತ್ತು. ನನಗಿಂತ ಮೊದಲೇ ಸುದ್ದಿ ಬಂದಿತ್ತು. ಆದರೆ ಒಬ್ಬರೂ ಅಳುತ್ತಿರಲಿಲ್ಲ. ಸತ್ತವರ ಮನೆಯ ಮುಂದೆ ನಿಂತವರ ಮುಖದಲ್ಲಿ ದುಃಖ ಕಾಣಬೇಕು. ಇವರ ಮುಖದಲ್ಲಿ ಕಂಡದ್ದು ಸಂಶಯ.

"ಸುಳ್ಳು ಸುದ್ದಿ ಅದು," ಎಂದಳು ಪಕ್ಕದ ಮನೆಯ ಉಚ್ಚಂಗೆವ್ವ, ಸೊಂಟದ ಮೇಲೆ ಕೈಯಿಟ್ಟು. "ಹೇಳದ ಹೋಗಾಂವಲ್ಲ ಅಂವ. ವಿರೂಪಾಕ್ಷಪ್ಪನ ಎಮ್ಮಿ ಗಟಾರದಾಗ ಬೀಳೂದನ್ನ ಮೊದಲ ಹೇಳಿದಾಂವ, ತನ್ನದು ತಾ ಹೇಳಲಾರದ ಹೊಕ್ಕಾನ?"

"ಖರೇ ಐತಿ," ಎಂದ ವಿರೂಪಾಕ್ಷಪ್ಪ. ಅವನು ಮೆಣಸಿನಕಾಯಿ ಮಾರುಕಟ್ಟೆಯ ದಲಾಲ. ಎಮ್ಮೆಯ ಮಾತು ಬಂದಾಗ ಅವನ ಕಣ್ಣು ಒದ್ದೆಯಾಯಿತು. ಗುಡದಪ್ಪನಿಗಾಗಿ ಇನ್ನೂ ಆಗಿರಲಿಲ್ಲ.

ಪುರಸಭೆಯ ಅಧ್ಯಕ್ಷ ಪುಂಡಲೀಕ ಬಂದವನೇ ನನ್ನ ಕೈಯಿಂದ ಫೋನು ಕಸಿದುಕೊಂಡು ಜಮೀರನಿಗೆ ಹಚ್ಚಿದ. "ಹೆಸರು ಸರಿಯಾಗಿ ವಿಚಾರಿಸೀರಿ? ಗುಡದಪ್ಪ ಅನ್ನಾವ್ರು ನಿಮ್ಮ ರಾಣೆಬೆನ್ನೂರು ಕಡೆ ಮನಿಗೊಬ್ಬರು ಅದಾರ."

"ಈ ಗುಡದಪ್ಪ ಸತ್ತಾರ್ರಿ ಸಾಹೇಬ್ರ," ಎಂದ ಜಮೀರ್. "ಉಳಿದವರ ಸುದ್ದಿ ನನಗ ಗೊತ್ತಿಲ್ಲ."

ಒಳಗೆ ಪ್ರೇಮವ್ವ ಗೋಡೆಗೆ ಒರಗಿ ಕುಳಿತಿದ್ದಳು. ಆ ಓಣಿಯಲ್ಲಿ ಸುದ್ದಿಯನ್ನು ನಂಬಿದವಳು ಅವಳೊಬ್ಬಳೇ.

"ಅಣ್ಣಾ, ಸಕ್ಕರಿ ತಪಾಸ ಮಾಡಿಸಿಕೊಂಡು ಬರ್ತೇನಿ ಅಂತ ಹೋದ್ರು," ಎಂದಳು. "ಇಸ್ತ್ರಿ ಅಂಗಿ ಹಾಕ್ಕೊಂಡಿದ್ರು. ರಕ್ತ ಕೊಡಾಕ ಇಸ್ತ್ರಿ ಅಂಗಿ ಯಾಕ ಅಂತ ನಾ ಕೇಳಲಿಲ್ಲ ನೋಡು."

ಊರಿನ ಜನ ಒಬ್ಬ ಮನುಷ್ಯನ ಸಾವನ್ನು ಹೀಗೆ ಒಪ್ಪದೆ ನಿಂತದ್ದು ಯಾಕೆಂದು ಹೇಳಬೇಕಾದರೆ, ಗುಡದಪ್ಪ ಫ್ರೆಂಚ್ ಭಾಷೆ ಕಲಿತ ಕತೆಯನ್ನು ಹೇಳಬೇಕು.

ಅವನು ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಯಾವ ಊರಿಗೆ ಹೊರಡಲಿದೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ದನಿ ಭಾರಿ, ನೆನಪು ಕಡಿಮೆ. ಹೊರಡಲಿದೆ ಎಂದು ಅವನು ಸಾರಿದ ಬಸ್ಸು ನಿಂತಲ್ಲೇ ನಿಂತು, ಅವನು ಹೆಸರೆತ್ತದ ಬಸ್ಸು ಹೊರಟುಬಿಡುತ್ತಿತ್ತು. ಅಗಡಿಗೆ ಬೀಗರ ಊಟಕ್ಕೆ ಹೊರಟ ಒಂದು ಸಂಸಾರ ಅವನ ಮಾತು ಕೇಳಿ ಬಸ್ಸು ಹತ್ತಿ, ಕಾಗಿನೆಲೆಯಲ್ಲಿ ಇಳಿದು, ಆದಿಕೇಶವನ ದರ್ಶನ ಮಾಡಿಕೊಂಡು ಹಸಿದುಕೊಂಡು ತಿರುಗಿ ಬಂದದ್ದುಂಟು. ಆ ಕಾಲದಲ್ಲಿ ಬ್ಯಾಡಗಿಯ ಜನ ಅವನ ಮಾತನ್ನು ಕೇಳುತ್ತಿರಲಿಲ್ಲ, ಬೋರ್ಡು ನೋಡಿ ಹತ್ತುತ್ತಿದ್ದರು. ಇದನ್ನು ಓದುಗರು ನೆನಪಿನಲ್ಲಿಡಬೇಕು. ಅದೇ ಜನ ಮುಂದೆ ಮಾಡಿದ್ದು ಅದಕ್ಕೆ ತದ್ವಿರುದ್ಧ.

ಅವನಿಗೆ ಒಬ್ಬಳೇ ಮಗಳು, ಗಂಗಾ. ಧಾರವಾಡದಲ್ಲಿ ಓದುವಾಗ ಜೊತೆಯಲ್ಲಿದ್ದ ಪುದುಚೇರಿಯ ಹುಡುಗನನ್ನು ತಾನೇ ಮೆಚ್ಚಿ ಮದುವೆಯಾದಳು. ಹುಡುಗ ಒಳ್ಳೆಯವನು, ಅಲ್ಲಿಯ ಒಂದು ಫ್ರೆಂಚ್ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಗುಡದಪ್ಪ ಮಾತ್ರ ಅಂಗಳದಲ್ಲಿ ನಿಂತು, ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ, "ನಿನ್ನ ದನಿ ಈ ಮನಿಯೊಳಗ ಮತ್ತ ಕೇಳಬಾರದು" ಎಂದುಬಿಟ್ಟ. ಮಗಳೂ ಅವನ ರಕ್ತವೇ. ಅಪ್ಪ ನನ್ನೊಡನೆ ಆಡಲೊಲ್ಲದ ಭಾಷೆ ನನ್ನ ಕೂಸಿಗೆ ಯಾಕೆ ಎಂದು ಹಟ ಹಿಡಿದು, ಹುಟ್ಟಿದ ಹೆಣ್ಣುಮಗುವಿಗೆ ಒಂದಕ್ಷರ ಕನ್ನಡ ಕಲಿಸಲಿಲ್ಲ. ಮಗುವಿನ ಹೆಸರು ಅಮುದಾ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಫ್ರೆಂಚ್. ಪ್ರೇಮವ್ವ ಮಗಳೊಡನೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ದಿನವೂ ಫೋನಿನಲ್ಲಿ ಮಾತಾಡುತ್ತಿದ್ದಳು. ಗುಡದಪ್ಪ ಆ ಬಾಗಿಲ ಹೊರಗೆ ಕುಳಿತು ತನಗೆ ಏನೂ ಗೊತ್ತಿಲ್ಲವೆಂದು ತೋರಿಸಿಕೊಳ್ಳುತ್ತಿದ್ದ.

ಒಂದು ಭಾನುವಾರ ಪ್ರೇಮವ್ವ ಸ್ನಾನಕ್ಕೆ ಹೋದಾಗ ಕಟ್ಟೆಯ ಮೇಲಿದ್ದ ಫೋನು ರಿಂಗಾಯಿತು. ಗುಡದಪ್ಪ ಎತ್ತಿದ. "ತಾತಾ?" ಎಂದಿತು ಮಗು. ಆಮೇಲೆ ನೀರು ಹರಿದಂತೆ ಏನೇನೋ ಹೇಳಿತು. ಅಷ್ಟು ದೊಡ್ಡ ದನಿಯ ಮನುಷ್ಯನಿಗೆ ಮೊಮ್ಮಗಳಿಗೆ ಹೇಳಲು ಒಂದು ಶಬ್ದ ಸಿಗಲಿಲ್ಲ. ಕೊನೆಗೆ ಮಗುವೇ ಬೇಸತ್ತು ಫೋನಿಟ್ಟಿತು.

ಮರುದಿನ ಅವನು ಹಾವೇರಿಗೆ ನನ್ನ ಮನೆಗೆ ಬಂದ. "ಮಾಸ್ತರ್ರ, ನಾ ಫ್ರೆಂಚ್ ಕಲೀತೇನಿ."

"ತಮಿಳು ಕಲಿ. ನಮ್ಮ ಮಾತಿಗೆ ಸಮೀಪ ಐತಿ, ಲಗೂ ಬರತೈತಿ," ಎಂದೆ.

"ತಮಿಳು ಬ್ಯಾಡ. ಅದು ಬೀಗತಿ ಮಾತು. ಆಕಿ ಮುಂದ ತಪ್ಪಿದ್ರ ಜನ್ಮಪೂರ್ತಿ ಹಲ್ಲು ಕಿಸೀತಾಳ. ಫ್ರೆಂಚ್ ಆದ್ರ ನಾ ತಪ್ಪಿದ್ದು ಆಕಿಗೂ ತಿಳ್ಯಾಂಗಿಲ್ಲ, ನನಗೂ ತಿಳ್ಯಾಂಗಿಲ್ಲ."

ವಿದ್ಯೆ ಕಲಿಯಲು ಇಂಥ ಕಾರಣ ಕೊಟ್ಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಫೋನಿನಲ್ಲಿ ಪಾಠ ಹೇಳುವ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಂಡ. ವರ್ತಮಾನಕಾಲದ ಪಾಠದಲ್ಲಿ ಒಂದೊಂದು ಕ್ರಿಯಾಪದಕ್ಕೂ ಆರಾರು ವೇಷ ಇರುವುದನ್ನು ಕಂಡು ಬೆವೆತ. ಭೂತಕಾಲದ ಪಾಠ ಬಂದಾಗ ಅದನ್ನು ಕೇಳದೆಯೇ ಮುಂದೆ ಸರಿಸಿದ. ಯಾಕೆಂದು ಕೇಳಿದೆ.

"ಹಿಂದಿಂದು ಕಲ್ತು ಏನ್ ಮಾಡ್ಲಿ? ನಮ್ಮ ಮನಿಯೊಳಗ ಹಿಂದಿಂದೆಲ್ಲಾ ಜಗಳ ಐತಿ."

ಹಾಗೆ ಅವನು ಬಂದು ನಿಂತದ್ದು ಸಮೀಪ ಭವಿಷ್ಯತ್ಕಾಲದ ಪಾಠಕ್ಕೆ. ಈಗಲೇ ಆಗಲಿರುವುದನ್ನು, ಮಾಡಬೇಕೆಂದು ಮನಸ್ಸು ಮಾಡಿದ್ದನ್ನು ಫ್ರೆಂಚರು ಹೇಳುವ ರೀತಿ ಅದು. ಆ ಪಾಠ ಕೇಳಿದ ದಿನ ಅವನು ನನ್ನ ಮನೆಗೆ ಓಡೋಡಿ ಬಂದ.

"ಮಾಸ್ತರ್ರ, ಅವ್ರು ನಮ್ಮ ಬ್ಯಾಡಗಿ ಮಂದಿಯಂಗ ಮಾತಾಡ್ತಾರ! ಮಳಿ ಬರಾಕ ಹೊಂಟೈತಿ, ಗ್ವಾಡಿ ಬೀಳಾಕ ಹೊಂಟೈತಿ ಅಂತೀವಲ್ಲ, ಹಂಗ. ಹೋಗೂದು ಅನ್ನೂ ಮಾತು ಒಂದನ್ನ ಮುಂದ ನಿಲ್ಲಿಸೂದು. ಜ ವೇ, ನಾ ಹೊಂಟೇನಿ. ತು ವಾ, ನೀ ಹೊಂಟಿ. ಈಲ್ ವಾ, ಅಂವ ಹೊಂಟಾನ. ನೂ ಝಲೋಂ, ನಾವು. ವೂ ಝಲೇ, ನೀವು. ಈಲ್ ವೋಂ, ಅವ್ರು. ತಿರಗೂದು ಇದೊಂದ. ಹಿಂದಿನ ಕ್ರಿಯಾಪದಕ್ಕ ಯಾರೂ ಕೈ ಹಚ್ಚಾಂಗಿಲ್ಲ. ಡ್ರೈವರ್ ಅಷ್ಟ ಕೈ ತಿರುವ್ತಾನ, ಪ್ಯಾಸೆಂಜರ್ ಸುಮ್ಮನ ಕುಂತಿರತಾನ. ಮಾಂಝೇ ಅಂದ್ರ ಉಣ್ಣೂದು. ಜ ವೇ ಮಾಂಝೇ!"

"ಅಂದ್ರ?"

"ಉಣ್ಣಾಕ ಹೊಂಟೇನಿ. ನಿಮ್ಮನಿ ಅಕ್ಕಾರಿಗೆ ಹೇಳ್ರಿ, ತಾಟು ಹಚ್ಚಲಿ."

ಆಯುಷ್ಯವೆಲ್ಲ ಮಕ್ಕಳಿಗೆ ವ್ಯಾಕರಣ ಹೇಳಿದ ನನಗೂ ಈ ವಿವರಣೆಯಲ್ಲಿ ತಪ್ಪು ಕಾಣಲಿಲ್ಲ. ಅವನು ಇನ್ನೊಂದು ಪಾಠವನ್ನೂ ಕಲಿಯದೆ ಅಲ್ಲಿಯೇ ಬಿಡಾರ ಹೂಡಿದ. ಪ್ರತಿ ಭಾನುವಾರ ಮೊಮ್ಮಗಳ ಫೋನಿಗೆ, ತಾತ ಉಣ್ಣಲಿದ್ದಾನೆ, ಮಲಗಲಿದ್ದಾನೆ, ಬೆಕ್ಕು ಹಾಲು ಕುಡಿಯಲಿದೆ ಎಂದು ಸಾರುತ್ತಿದ್ದ. ಮಗು ಕೇಕೆ ಹಾಕಿ ನಗುತ್ತಿತ್ತು. ಗಂಗಾ ಮಾತ್ರ ಫೋನಿಗೆ ಬರುತ್ತಿರಲಿಲ್ಲ, ಇವನೂ ಕರೆ ಎನ್ನುತ್ತಿರಲಿಲ್ಲ. ಆದರೆ ಮಗುವಿನ ಹಿಂದೆ ಪಾತ್ರೆಯ ಸಪ್ಪಳ ನಿಂತರೆ ಗಂಗಾ ಕೇಳುತ್ತಿದ್ದಾಳೆ ಎಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅಭ್ಯಾಸಕ್ಕೆ ಅವನು ಆರಿಸಿಕೊಂಡ ಜಾಗ ಮಾಳಿಗೆ, ಹೊತ್ತು ಮುಂಜಾನೆ, ದನಿ ಬಸ್ ನಿಲ್ದಾಣದ್ದು.

ಅದು ಮೆಣಸಿನಕಾಯಿಯ ಸುಗ್ಗಿ. ಉಚ್ಚಂಗೆವ್ವ ತನ್ನ ಮಾಳಿಗೆಯ ಮೇಲೆ ಕಾಯಿ ಹರವಿಕೊಂಡು ಕುಳಿತಿದ್ದಳು. ಗುಡದಪ್ಪ ಆಕಾಶದ ಕಡೆ ಕೈಯೆತ್ತಿ, "ಈಲ್ ವಾ ಪ್ಲವ್ವಾರ್!" ಎಂದು ಕೂಗಿದ.

"ಏನಂದ್ರಿ ಅಣ್ಣಾರ?"

"ಮಳಿ ಬರಾಕ ಹೊಂಟೈತಿ ಅಂದೆ."

ಇದು ಪಾಠದ ವಾಕ್ಯ ಎಂದು ಅವನು ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಕಂಟ್ರೋಲರನ ಅಭ್ಯಾಸ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಆದರೂ ಉಚ್ಚಂಗೆವ್ವ ಅಂಜಿ ಕಾಯಿಯನ್ನೆಲ್ಲ ಬಾಚಿ ಒಳಗೆ ಹಾಕಿಸಿದಳು. ವಿರೂಪಾಕ್ಷಪ್ಪ ನೋಡಿ ನಕ್ಕ. ಸಂಜೆ ಅಕಾಲದ ಮಳೆ ಹೊಡೆಯಿತು. ಓಣಿಯಲ್ಲಿ ಬಣ್ಣ ಉಳಿದ ಕಾಯಿ ಉಚ್ಚಂಗೆವ್ವನದು ಮಾತ್ರ. ವಿರೂಪಾಕ್ಷಪ್ಪನ ಕಾಯಿ ಅವನ ಮುಖದ ಹಾಗೆ ಬೆಳ್ಳಗಾಯಿತು.

ಮರುದಿನ ಓಣಿಯ ಹಿರಿಯರು ಕಟ್ಟೆಯ ಮೇಲೆ ಸೇರಿ ವಿಚಾರ ಮಾಡಿದರು. ನಮ್ಮ ಕಡೆಯ ಜನಕ್ಕೆ ಇಂಥ ಸಂಗತಿಯನ್ನು ವಿಚಾರ ಮಾಡುವ ದಾರಿ ಒಂದೇ. ದೇವರಗುಡ್ಡದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಅದು ಒಂದೇ ಸಾಲಿನ ಮಾತು. ಮಳೆ ಬೆಳೆಯ ಕತೆಯೆಲ್ಲ ಅದರಲ್ಲಿ ಇರುತ್ತದೆ, ಅರ್ಥ ಹಚ್ಚುವುದು ಕೇಳಿದವರ ಕೆಲಸ. ಗುಡದಪ್ಪನ ಹೆಸರು ಆ ಗುಡ್ಡದ ದೇವರದು. ಅವನ ಮುತ್ಯಾ ಕಂಬಳಿ ಹೊದ್ದು ಡಮರು ಹಿಡಿದ ಗೊರವಯ್ಯ.

"ರಕ್ತದಾಗ ಐತಿ," ಎಂದು ವಿರೂಪಾಕ್ಷಪ್ಪ ತೀರ್ಪು ಕೊಟ್ಟ. "ಎತ್ತರದ ಮ್ಯಾಲ ನಿಂತು ಹೇಳ್ತಾನ. ಒಂದ ಸಾಲು ಹೇಳ್ತಾನ. ಯಾರಿಗೂ ತಿಳೀಲಾರದ್ದು ಹೇಳ್ತಾನ. ಇನ್ನೇನು ಬೇಕು?"

"ಅದು ಫ್ರೆಂಚ್ ಅಂತ್ರಿ," ಎಂದಳು ಉಚ್ಚಂಗೆವ್ವನ ಸೊಸೆ ಸುರೇಖಾ.

"ದೇವರಿಗೆ ಫ್ರೆಂಚ್ ಬರಾಂಗಿಲ್ಲ ಅಂತ ಯಾರಂದ್ರು ನಿನಗ?" ಎಂದು ಗದರಿದಳು ಅತ್ತೆ.

ಆ ಮೇಲೆ ಗುಡದಪ್ಪ ಮಾಳಿಗೆ ಹತ್ತಿದರೆ ಕೆಳಗೆ ಜನ ಸೇರತೊಡಗಿದರು. ಅವನು "ಎಲ್ ವಾ ತೋಂಬೇ" ಎಂದ. ಅವಳು ಬೀಳಲಿದ್ದಾಳೆ ಎಂದರ್ಥ. ಆ ವಾರವೇ ವಿರೂಪಾಕ್ಷಪ್ಪನ ಎಮ್ಮೆ ಗಟಾರಕ್ಕೆ ಬಿದ್ದು ಸತ್ತಿತು. "ಈಲ್ ವೋಂ ಆರಿವೇ" ಎಂದ. ಅವರು ಬರಲಿದ್ದಾರೆ. ಯಾರು ಬರುತ್ತಾರೆಂದು ಗೊತ್ತಿಲ್ಲದೆ ಸುರೇಖಾ ಹೋಳಿಗೆ ಮಾಡಿ ಕಾದಳು. ಮಧ್ಯಾಹ್ನ ವೀರೇಂದ್ರ ಎಂಬ ಕರೆಂಟಿನ ಮೀಟರು ನೋಡುವವನು ಬಂದ. ಅವನ ಕೈಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ತುಪ್ಪ ಸುರಿದು ಹೋಳಿಗೆ ಬಡಿಸಿದರು.

"ನಾ ಬರೀ ಮೀಟರ್ ನೋಡಾಕ ಬಂದೇನ್ರಿ," ಎಂದು ವೀರೇಂದ್ರ ಕೈ ಮುಗಿದ.

"ಬರೂದು ಗೊತ್ತಿತ್ತು, ಉಣ್ರಿ," ಎಂದಳು ಉಚ್ಚಂಗೆವ್ವ.

ಮುಂದಿನ ತಿಂಗಳಿನಿಂದ ವೀರೇಂದ್ರ ಆ ಓಣಿಯ ಮೀಟರುಗಳನ್ನು ಸರಿಯಾಗಿ ಊಟದ ಹೊತ್ತಿಗೇ ನೋಡುತ್ತಿದ್ದ.

ಗುಡದಪ್ಪ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. "ಇದು ಪಾಠದ್ರಿ, ನನಗೇನೂ ಗೊತ್ತಿಲ್ರಿ" ಎಂದು ಕಟ್ಟೆಯ ಮೇಲೆ ನಿಂತು ಗೋಗರೆದ. ಬಲ್ಲವರು ಹಾಗೆಯೇ ಅನ್ನುತ್ತಾರೆ ಎಂದು ಜನ ಇನ್ನಷ್ಟು ಕೈ ಮುಗಿದರು. ಪ್ರೇಮವ್ವನಿಗೆ ತಲೆ ಕೆಟ್ಟಿತು. "ಊರಿಗೆಲ್ಲಾ ಹೇಳ್ತೀರಲ್ಲ, ಗ್ಯಾಸಿನ ಟಾಕಿ ಎಂದು ಬರತೈತಿ ಅನ್ನೂದು ನನಗೂ ಒಂದಿಷ್ಟು ಹೇಳ್ರಿ" ಎಂದು ಹಂಗಿಸಿದಳು.

ಇದರ ಶಿಖರ ಪುಂಡಲೀಕನ ಪ್ರಕರಣ. ಪುರಸಭೆಯಲ್ಲಿ ಅವನ ಮೇಲೆ ಅವಿಶ್ವಾಸದ ಗೊತ್ತುವಳಿ ಬಂದಿತ್ತು. ಅದೇ ವಾರ ಗುಡದಪ್ಪ ಮಾಳಿಗೆಯ ಮೇಲಿಂದ "ಈಲ್ ವಾ ತೋಂಬೇ," ಅವನು ಬೀಳಲಿದ್ದಾನೆ ಎಂದು ಕೂಗಿದ. ಅರ್ಧ ತಾಸಿನೊಳಗೆ ಅಧ್ಯಕ್ಷ ತೆಂಗಿನಕಾಯಿ, ಭಂಡಾರದ ಅರಿಸಿನ ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತ.

"ನಾ ಏನ್ ತಪ್ಪು ಮಾಡೇನಿ ಗುಡದಪ್ಪಣ್ಣ?"

"ನಿಮಗಂದಿಲ್ರಿ ಸಾಹೇಬ್ರ. ಪಾಠದಾಗ ಬರೀ 'ಅಂವ' ಅಂತ ಐತಿ."

"ಈ ಊರಾಗ 'ಅಂವ ಬೀಳ್ತಾನ' ಅಂದ್ರ ನನ್ನ ಬಿಟ್ಟು ಇನ್ಯಾರಿಗೆ ತಿಳ್ಕೊತಾರ? ಆಡಿದ ಮಾತು ಹಿಂದಕ್ಕ ತಗೋರಿ."

ಗುಡದಪ್ಪ ತಲೆ ಕೆರೆದುಕೊಂಡ. ಪಾಠದಲ್ಲಿ ನಿಷೇಧರೂಪವೂ ಇತ್ತು. ಅದನ್ನು ಅವನು ಅಧ್ಯಕ್ಷನಿಗೆ ತಿಳಿಯುವಂತೆ ಬಿಡಿಸಿ ಹೇಳಿದ. "ಆಗಾಂಗಿಲ್ಲ ಅನ್ನಬೇಕಾದ್ರ ಡ್ರೈವರನ ಎರಡೂ ಬಗಲಿಗೆ ಇಬ್ಬರನ್ನ ಕುಂಡ್ರಸ್ತಾರ್ರಿ. ಈಚಿ ಕಡೆ 'ನ', ಆಚಿ ಕಡೆ 'ಪಾ'. ಇಬ್ಬರೂ ಕೂಡಿ ಅವನ ಕೈ ಹಿಡೀತಾರ. ಪ್ಯಾಸೆಂಜರನ ತಂಟೆಗೆ ಹೋಗಾಂಗಿಲ್ಲ. ಈಲ್ ನ ವಾ ಪಾ ತೋಂಬೇ."

"ಅಂದ್ರ ನಾ ಬೀಳಾಂಗಿಲ್ಲ?"

"ಅಂವ ಬೀಳಾಂಗಿಲ್ರಿ."

"ಸದಸ್ಯರ ಮುಂದ ಬಂದು ಗಟ್ಟಿಯಾಗಿ ಹೇಳ್ರಿ."

ಹೇಳಿದ. ಗೊತ್ತುವಳಿ ಬಿದ್ದುಹೋಯಿತು, ಪುಂಡಲೀಕ ಉಳಿದ. ಆ ಮೇಲೆ ಬ್ಯಾಡಗಿಯಲ್ಲಿ 'ಪಾ' ಎಂಬ ಶಬ್ದಕ್ಕೆ ಬಂದ ಬೇಡಿಕೆಯನ್ನು ಏನೆಂದು ಹೇಳಲಿ! "ನನ್ನ ಗಂಡಗೊಂದು ಪಾ ಹಾಕ್ರಿ, ದಿನಾ ಸಂಜೀಕ ಕುಡಿಯಾಕ ಹೊಂಟಿರತಾನ" ಎಂದು ಒಬ್ಬಳು. "ನಮ್ಮ ಬೋರಿಗೊಂದು ಪಾ ಹಾಕ್ರಿ, ಬತ್ತಾಕ ಹೊಂಟೈತಿ" ಎಂದು ಇನ್ನೊಬ್ಬ. ದೇವರ ಕಾರಣಿಕವನ್ನಾದರೂ ಕೇಳಿ ಸುಮ್ಮನಿರಬೇಕು. ಇವನದನ್ನು ತಿದ್ದಿಸಿಕೊಳ್ಳಬಹುದು ಎಂದು ತಿಳಿದ ಮೇಲೆ ಜನ ಯಾಕೆ ಬಿಟ್ಟಾರು?

ಗುಡದಪ್ಪನಿಗೆ ಅಭ್ಯಾಸಕ್ಕೆ ಜಾಗವಿಲ್ಲದಂತಾಯಿತು. ಕಾಗಿನೆಲೆಯ ಕೆರೆದಂಡೆಗೆ ಹೋಗೋಣವೆಂದು ಬಸ್ಸು ಹತ್ತಿದರೆ ಕಂಡಕ್ಟರ್ ಪಕ್ಕಕ್ಕೆ ಬಂದು, "ಇವತ್ತ ಹಿಂದಿನ ಗಾಲಿ ಹೆಂಗ್ರಿ?" ಎಂದು ಕೇಳಿದ. ಕೊನೆಗೆ ಭಾನುವಾರದ ಫೋನಿಗೆ ಹಾವೇರಿಯ ನನ್ನ ಮನೆಗೆ ಬರತೊಡಗಿದ. ಹಿತ್ತಲಿನ ಕೋಣೆಯಲ್ಲಿ ಕುಳಿತು, ಆ ದೊಡ್ಡ ದನಿಯನ್ನು ಅದುಮಿಕೊಂಡು, ತಪ್ಪು ಮಾಡಿದವನಂತೆ ಪಿಸುಗುಟ್ಟುತ್ತಿದ್ದ. ನೋಡಿದರೆ ನಗು ಬರಬೇಕಾಗಿತ್ತು, ನನಗೆ ಬರಲಿಲ್ಲ.

ಅಂಥ ಒಂದು ಭಾನುವಾರ ಮಗು ಏನನ್ನೋ ಕೇಳಿತು. ಮಗು ಮತ್ತೆ ಕೇಳಿತು. "ತಾತಾ, ತು ವಾ ವನೀರ್?" ಇವನು ಫೋನನ್ನು ಕಿವಿಗೆ ಹಿಡಿದುಕೊಂಡೇ ಗೋಡೆ ನೋಡುತ್ತ ಕುಳಿತ.

ಫೋನಿಟ್ಟ ಮೇಲೆ ಕೇಳಿದೆ, "ಏನಂದ್ಲು?"

"ನೀ ಬರಾಕ ಹೊಂಟಿ ಏನು ಅಂದ್ಲು."

"ಬರ್ತೇನಿ ಅನ್ನಬೇಕಿಲ್ಲೋ? ಎರಡ ಮಾತು."

"ಅನ್ನಾಕ ಬರತೈತಿ ಮಾಸ್ತರ್ರ. ಜ ವೇ ವನೀರ್. ಆದ್ರ ಅಂದ್ರ ಹೋಗಬೇಕಾಕ್ಕತಿ. ಹೋಗಿ ಬಾಗಲದಾಗ ನಿಂತ್ರ ಗಂಗಾ ಒಳಗ ಬಾ ಅಂತಾಳಂತ ಏನು ಗ್ಯಾರಂಟಿ?" ಎಂದ. ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತ ಮತ್ತೆ ಹೇಳಿದ. "ಊರಿನ ಮಂದಿ ಹುಚ್ಚು ನನಗೂ ಹತ್ತೈತಿ. ಅಂದಿದ್ದು ಆಕ್ಕತಿ ಅಂತ ಅಂಜಿಕಿ ಬರಾಕತ್ತೈತಿ. ಇನ್ನ ಮುಂದಿಂದು ಯಾರ ಮುಂದೂ ಹೇಳಾಂಗಿಲ್ಲ ನಾನು. ಪ್ರೇಮಾನ ಮುಂದೂ ಇಲ್ಲ. ಆಕಿಗೆ ಅಂದ್ರ ಉಚ್ಚಂಗೆವ್ವಗ ಅಂದಂಗ."

ಅದು ನಾನು ಅವನನ್ನು ಕಂಡ ಕೊನೆಯ ಭಾನುವಾರ. ಅದರ ಮುಂದಿನ ಭಾನುವಾರ ಅವನು ನನ್ನ ಮನೆಗೆ ಬರಲಿಲ್ಲ, ಆ ವಾರವೇ ಜಮೀರನ ಫೋನು ಬಂತು.

ಸುದ್ದಿ ಬಂದ ದಿನ ಸಂಜೆ ಅವನನ್ನು ಮನೆಗೆ ತಂದಾಗ ಜಮೀರನೂ ಗಾಡಿಯ ಜೊತೆಯಲ್ಲಿ ಬಂದಿದ್ದ. ಮುಖದ ಮೇಲಿನ ಬಟ್ಟೆ ಸರಿಸಿದಾಗ ಓಣಿಗೆ ನಂಬಿಕೆ ಬಂತು. ಆಗ ಎದ್ದ ಅಳುವಿಗೆ ಮಾರುಕಟ್ಟೆಯವರೆಗೂ ಜನ ಅಂಗಡಿ ಬಿಟ್ಟು ಹೊರಗೆ ಬಂದರು. ಉಚ್ಚಂಗೆವ್ವ ಎದೆ ಬಡಿದುಕೊಂಡಳು. "ನಮ್ಮ ಮಳಿ ಹೇಳಿದಿ, ನಮ್ಮ ಎಮ್ಮಿ ಹೇಳಿದಿ, ನಿಂದೊಂದು ಹೇಳಲಿಲ್ಲಲ್ಲೋ ನನ್ನಪ್ಪಾ!"

ಜಮೀರ್ ಒಂದು ಕೈಚೀಲವನ್ನು ನನ್ನ ಕೈಗೆ ಕೊಟ್ಟ. "ಬಸ್ ಸ್ಟ್ಯಾಂಡಿನಿಂದ ಸ್ಟೇಶನ್ನಿಗೆ ನನ್ನ ಆಟೊದಾಗ ಬಂದರ್ರಿ. ದಾರಿ ಉದ್ದಕೂ ಏನೋ ಒಂದ ಮಾತು ಹೇಳ್ಕೊಂತ ಕುಂತಿದ್ರು. ಏನ್ರೀ ಅದು ಅಂದ್ರ, 'ಮಗಳ ಊರಿಗೆ ಹೊಂಟೇನಿ, ಯಾರ ಮುಂದೂ ಹೇಳಬ್ಯಾಡ' ಅಂದರ್ರಿ. ಅವರ ಮಂದಿ ಯಾರು ಅಂತ ನನಗ ಗೊತ್ತಿದ್ರಲ್ಲ ಹೇಳೂದು? ರೊಕ್ಕಾ ಕೊಟ್ಟು, ಎರಡು ಹೆಜ್ಜಿ ನಡದು ಕುಸದರ್ರಿ."

ಚೀಲದಲ್ಲಿ ಎರಡು ಧೋತರ, ಒಂದು ಪೊಟ್ಟಣ ಖಾರಪುಡಿ, ಮೊಮ್ಮಗಳ ಅಳತೆ ಗೊತ್ತಿಲ್ಲದೆ ಅಂದಾಜಿನ ಮೇಲೆ ಹೊಲಿಸಿದ ಒಂದು ಪರಕಾರ ಪೋಲಕ ಇದ್ದವು.

"ಗಂಗಾ ಬರೂತನಾ ಇವರನ್ನ ಮಣ್ಣಿಗೆ ಒಯ್ಯಬ್ಯಾಡ್ರಿ," ಎಂದಳು ಪ್ರೇಮವ್ವ.

ಮರುದಿನ ಮಧ್ಯಾಹ್ನ ಗಂಗಾ ಗಂಡ, ಮಗಳೊಡನೆ ಬಂದಳು. ಯಾವ ಅಂಗಳದಲ್ಲಿ ಅವಳನ್ನು ಹೊರಡು ಎಂದಿದ್ದನೋ ಅಲ್ಲಿಯೇ ಅವನನ್ನು ನಮ್ಮ ರೂಢಿಯಂತೆ ಕೂಡಿಸಿದ್ದೆವು. ಅವಳು ಅಳಲಿಲ್ಲ. ಪಕ್ಕದಲ್ಲಿ ಕುಳಿತು ಅಪ್ಪನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮಣ್ಣು ಮಾಡಿ ಬಂದು ಎಲ್ಲರೂ ಕಾಲು ತೊಳೆದು ಪಡಸಾಲೆಯಲ್ಲಿ ಕುಳಿತಾಗ ಓಣಿಯ ಜನ ಎದ್ದು ಹೋಗಲಿಲ್ಲ. ಅವರಿಗೆ ಇನ್ನೂ ಒಂದು ಬಾಕಿಯಿತ್ತು.

ವಿರೂಪಾಕ್ಷಪ್ಪ ಗಂಟಲು ಸರಿಮಾಡಿಕೊಂಡ. "ತಂಗೀ, ಕಡೇ ಸಲ ಫೋನಿನಾಗ ಏನಂದ? ನಮಗೇನೂ ಹೇಳದ ಹ್ವಾದ. ನಿಮಗರೆ ಏನರೆ ನುಡದಿರಬೇಕಲ್ಲ?"

ಪುಂಡಲೀಕನೂ ಮುಂದೆ ಸರಿದು ಕುಳಿತ. ಉಚ್ಚಂಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕಿವಿ ಕೊಟ್ಟಳು. ಸತ್ತವನ ಕೊನೆಯ ಕಾರಣಿಕ ತಮ್ಮ ಪಾಲಿಗೆ ಏನು ತರುತ್ತದೋ ಎಂದು ಪಡಸಾಲೆಯೆಲ್ಲ ಕಾಯಿತು.

ಗಂಗಾ ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಅವಳ ದನಿ ಕೇಳಿತು.

"ಮಾವಾ, ಮೊನ್ನಿ ಭಾನುವಾರ ಅಮುದಾಗ ಅಂದಾನ, ಜ ವೇ ವನೀರ್ ಅಂತ. ನಾ ಬರಾಕ ಹೊಂಟೇನಿ ಅಂತ. ಆಕಿ ಕುಣಕೊಂತ ಒಳಗ ಬಂದು ಹೇಳಿದ್ಲು. ತಾತಾ ಬರ್ತಾನಂತ, ಹಾಸಿಗಿ ಹಾಸು ಅಂದ್ಲು. ನಾನ..." ಅವಳು ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. "ನಾನ ಅಂದೆ, ಬರಾಂಗಿಲ್ಲವಾ, ಅದು ಪಾಠದ್ದು. ಹಿಂದಕ ಬೆಕ್ಕು ಹಾಲು ಕುಡೀತೈತಿ ಅಂದಿದ್ನಲ್ಲ, ಇದೂ ಹಂಗ ಅಂದೆ."

ಅವಳು ಓಣಿಯ ಜನದ ಕಡೆ ತಿರುಗಿದಳು.

"ಇಷ್ಟು ಮಂದಿ ನಂಬಿದ್ರಿ ಅವನ್ನ. ಎಮ್ಮಿ ಬಿದ್ರೂ ನಂಬಿದ್ರಿ, ಮೀಟರಿನಾಂವ ಬಂದ್ರೂ ನಂಬಿದ್ರಿ. ಅಂವ ಖರೇನ ಅಂದಿದ್ದು ಅದೊಂದ ಮಾತು. ಅದನ್ನ ನಾ ನಂಬಲಿಲ್ಲ. ನಂಬಿದ್ರ, ನೀ ಒಬ್ಬಾಂವ ಬರಬ್ಯಾಡೋ ಅಪ್ಪಾ, ನಾನ ಬರ್ತೇನಿ ಅಂತಿದ್ದೆ."

ಆಗ ಅವಳು ಅತ್ತಳು. ಅಮುದಾ ಏನೂ ತಿಳಿಯದೆ ತಾಯಿಯ ಸೆರಗು ಹಿಡಿದು ನಿಂತಿತ್ತು. ಉಚ್ಚಂಗೆವ್ವ ಎದ್ದಳು. ಅವಳು ಈ ಮಾತಿಗೂ ಅರ್ಥ ಹಚ್ಚುತ್ತಾಳೆಂದು ನಾನು ಹೆದರಿದೆ. ಆದರೆ ಅವಳು ಒಬ್ಬೊಬ್ಬರನ್ನೇ ರೆಟ್ಟೆ ಹಿಡಿದು ಎಬ್ಬಿಸಿ, ಅಧ್ಯಕ್ಷನನ್ನೂ ಬಿಡದೆ ಹೊರಗೆ ಕಳಿಸಿ, ಹೋಗುವಾಗ ಬಾಗಿಲನ್ನು ಮುಂದಕ್ಕೆಳೆದುಕೊಂಡು ಹೋದಳು.

ಪ್ರೇಮವ್ವ ಮಗಳ ತಲೆಯ ಮೇಲೆ ಕೈಯಿಟ್ಟಳು. "ಬರ್ತೇನಿ ಅಂತ ಅಂದು ಮನಿ ಬಿಟ್ಟು ಹೊಂಟಾರಲ್ಲ, ಗಂಗಾ. ನೀ ನಂಬು, ಬಿಡು. ನಿನ್ನ ಕಡೆ ಮುಖ ಮಾಡಿ ಹೋಗ್ಯಾರ. ನನಗ ಅಷ್ಟ ಸಾಕು." ಹಾಗೆ ಹೇಳಿ ಮೊಮ್ಮಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ಮಗು ಹಸಿದಿತ್ತು.

ನಾನು ದೇವರ ಕೋಣೆಯಲ್ಲಿ ದೀಪದ ಮುಂದೆ ಕುಳಿತೆ. ಸಂಸ್ಕೃತದ ಮಂತ್ರ ನನಗೆ ಬಾರದು. ಬಂದಷ್ಟು ಕನ್ನಡದಲ್ಲಿ ಕೇಳಿಕೊಂಡೆ.

ಗುಡ್ಡದ ಒಡೆಯಾ, ಮೈಲಾರಲಿಂಗಾ, ನಿನ್ನ ಹೆಸರಿನವನೊಬ್ಬ ನಿನ್ನ ಬಾಗಿಲಿಗೆ ಬಂದಿದ್ದಾನೆ. ದಾರಿ ತಪ್ಪಿ ಬಂದಿದ್ದಾನೆ, ಅವನು ಹೊರಟದ್ದು ಬೇರೆ ಕಡೆಗೆ. ಕಾಲಿಗೆ ನೀರು ಕೊಡು, ಒಳಗೆ ಬಾ ಎನ್ನು. ಸಿಟ್ಟಿನಲ್ಲಿ ಆಡಿದ ಮಾತು ಏನಿದ್ದರೂ ಅದನ್ನು ಅವನು ಈ ಅಂಗಳದಲ್ಲಿಯೇ ಬಿಟ್ಟು ಬಂದಿದ್ದಾನೆ, ನೀನು ಲೆಕ್ಕಕ್ಕೆ ಹಿಡಿಯಬೇಡ. ಅವನ ಮಗಳ ಎದೆಯ ಭಾರವನ್ನು ಕಡಿಮೆ ಮಾಡು. ಅವನ ಆತ್ಮಕ್ಕೆ ಶಾಂತಿಯನ್ನು ಕೊಡು, ತಂದೆ.